ಒಂದೇ ಹೆಸರಿನ ಇಬ್ಬರು ಪಕ್ಷೇತರರು

ನನ್ನ ಹೆಸರು ಯಾರಿಗಾದರೂ ಬೇಕಾದೀತು ಎಂದು ನಾನು ಎಂದೂ ಅಂದುಕೊಂಡಿರಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದೆ. ಅದರಲ್ಲಿ ಬಹುಪಾಲು ಬೀದರ್‌ನಿಂದ ಔರಾದ್‌ಗೆ ಹೋಗಿ ಬರುವ ಗಾಡಿ, ನಡುವೆ ಕೆಲವು ವರ್ಷ ಭಾಲ್ಕಿ ಕಡೆ. ಆ ದಾರಿಯ ಊರುಗಳಲ್ಲಿ ನನ್ನ ಮುಖ ಗೊತ್ತಿಲ್ಲದವರು ಕಡಿಮೆ, ಹೆಸರು ಗೊತ್ತಿದ್ದವರು ಇನ್ನೂ ಕಡಿಮೆ. ಎಲ್ಲರಿಗೂ ನಾನು ಬರೀ ಕಂಡಕ್ಟರ್.

ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಲೋಕಸಭೆ ಚುನಾವಣೆ ಘೋಷಣೆಯಾದ ವಾರವೇ ಒಂದು ಮಧ್ಯಾಹ್ನ ಇಬ್ಬರು ಬೀದರಿನ ನಮ್ಮ ಮನೆ ಹುಡುಕಿಕೊಂಡು ಬಂದರು. ಒಬ್ಬ ಇಸ್ತ್ರಿ ಮಾಡಿದ ಬಿಳಿ ಅಂಗಿಯವನು. ಇನ್ನೊಬ್ಬನ ಕಂಕುಳಲ್ಲಿ ಮತದಾರರ ಪಟ್ಟಿಯ ಕಂತೆ. ಹೆಂಡತಿ ಚಹಾ ಕೊಟ್ಟಳು. ಮಳೆ ಬೆಳೆಯ ಮಾತು ಮುಗಿದ ಮೇಲೆ ಬಿಳಿ ಅಂಗಿಯವನು, "ನಿಮ್ಮ ವೋಟರ್ ಕಾರ್ಡ ಜರಾ ತೋರಸ್ತೀರೇನ್ರಿ?" ಎಂದ. ಕೊಟ್ಟೆ. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿ ಜೊತೆಯವನಿಗೆ ತೋರಿಸಿದ.

"ಅದೇ ಅದ. ಒತ್ತು, ದೀರ್ಘ ಸೈತ ಅದೇ."

ಆಮೇಲೆ ವಿಷಯ ಹೇಳಿದರು. ಜಿಲ್ಲೆಯ ಒಬ್ಬ ದೊಡ್ಡ ಗುತ್ತಿಗೆದಾರರಿಗೆ ಅವರ ಪಕ್ಷದ ಟಿಕೆಟ್ ಸಿಕ್ಕಿರಲಿಲ್ಲ. ಸಿಟ್ಟಿನಿಂದ ಅವರು ಪಕ್ಷೇತರರಾಗಿ ನಿಲ್ಲುವವರಿದ್ದರು. ಅವರ ಹೆಸರೂ ನನ್ನ ಹೆಸರೂ ಒಂದೇ. ಅದೇ ಹೆಸರಿನಲ್ಲಿ ನಾನೂ ನಿಂತರೆ ಜನ ಗೊಂದಲಕ್ಕೆ ಬಿದ್ದು ಅವರ ಮತ ಒಡೆಯುತ್ತದೆ.

"ನೀವು ಬರೇ ಫಾರ್ಮಿಗೆ ಸಹಿ ಹಾಕ್ರಿ. ಉಳದದ್ದೆಲ್ಲಾ ನಾವು ನೋಡ್ಕೊಂತೇವಿ. ಪ್ರಚಾರಕ್ಕ ಹೋಗೂದು ಸೈತ ಬ್ಯಾಡ್ರಿ. ಬಿಸಿಲ ಭಾಳ ಅದ, ಮನ್ಯಾಗ ಆರಾಮ ಕೂಡ್ರಿ."

"ಮತ್ತ ಜನಾ ನನಗ್ಯಾಕ ಓಟ ಹಾಕ್ತಾರ್ರಿ?"

"ನಿಮಗ ಹಾಕೂದಿಲ್ರಿ. ಅವರಿಗಂತ ಹಾಕ್ತಾರ, ನಿಮಗ ಬೀಳ್ತಾವ."

ಯಾರು ಕಳಿಸಿದ್ದಾರೆ ಎಂದು ಕೇಳಿದೆ. ಇಬ್ಬರೂ ನಕ್ಕರು, ಹೇಳಲಿಲ್ಲ. ವಿಚಾರ ಮಾಡಿ ಹೇಳುತ್ತೇನೆ ಎಂದು ಕಳಿಸಿಕೊಟ್ಟೆ. ಅವರು ಹೊಸ್ತಿಲು ದಾಟುತ್ತಲೇ ಹೆಂಡತಿ ಅಡುಗೆಮನೆಯಿಂದ ಬಂದಳು.

"ಅದರಾಗ ವಿಚಾರ ಮಾಡೂದೇನದ್ರಿ? ಹಡದವರು ಇಟ್ಟ ಹೆಸರು. ಬಾಡಿಗಿ ಕೊಡ್ಲಿಕ್ಕ ಬರ್ತದೇನು?"

ಮರುದಿನ ಫೋನು ಮಾಡಿ ಆಗುವುದಿಲ್ಲ ಎಂದೆ. "ಆಯ್ತು ಬಿಡ್ರಿ" ಎಂದ ಬಿಳಿ ಅಂಗಿಯವನ ದನಿಯಲ್ಲಿ ಬೇಸರವೇನೂ ಇರಲಿಲ್ಲ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಅವರು ಆಡಿಹೋದ ಮಾತು ನನ್ನನ್ನು ಬಿಡಲಿಲ್ಲ. ನನ್ನ ಹೆಸರು ಬೇಕು, ನಾನು ಬೇಡ. ಜನ ನನಗೆ ಮತ ಹಾಕಲಾರರು ಎಂಬುದು ಅವರಿಗೆ ಎಷ್ಟು ಖಚಿತವಿತ್ತೆಂದರೆ ಅದನ್ನು ನನ್ನ ಮುಂದೆಯೇ, ನನ್ನ ಮನೆಯ ಚಹಾ ಕುಡಿಯುತ್ತ ಹೇಳಿದ್ದರು. ಅಕಸ್ಮಾತ್ ನಾನೇ ನಿಂತರೆ ಏನು ಕೇಳುತ್ತೇನೆ ಎಂದು ಸುಮ್ಮನೆ ನನ್ನನ್ನೇ ಕೇಳಿಕೊಂಡೆ. ಉತ್ತರ ತಡಮಾಡದೆ ಬಂತು. ಅದಕ್ಕೆ ಕಾರಣವಾದ ಒಂದು ದಿನದ ಬಗ್ಗೆ ಇಲ್ಲಿ ಬರೆಯಬೇಕು.

ಔರಾದ್ ಕಡೆಯ ಒಂದು ಹಳ್ಳಿಯ ಸಾಲೆಗೆ ಬೀದರಿನಿಂದ ದಿನಾ ಹೋಗಿಬರುವ ಟೀಚರ್ ಒಬ್ಬರಿದ್ದರು. ನಲವತ್ತೆಂಟರ ವಯಸ್ಸು ಇದ್ದೀತು. ಚಿಲ್ಲರೆ ಎಣಿಸಿ ಕೈಯಲ್ಲೇ ಇಟ್ಟುಕೊಂಡಿರುತ್ತಿದ್ದರು, ಎಂದೂ ತಕರಾರಿಲ್ಲ. ಒಂದು ಸಂಜೆ ವಾಪಸ್ ಬರುವಾಗ ಬಸ್ಸು ಕಿಕ್ಕಿರಿದಿತ್ತು, ಅರ್ಧ ತಾಸು ತಡವೂ ಆಗಿತ್ತು. ಸಂತಪುರ ದಾಟಿದ ಮೇಲೆ ಅವರು ನನ್ನನ್ನು ಹತ್ತಿರ ಕರೆದು, ಎರಡು ನಿಮಿಷ ಎಲ್ಲಾದರೂ ಗಿಡದ ಮರೆಗೆ ನಿಲ್ಲಿಸಿ ಎಂದು ಮೆತ್ತಗೆ ಕೇಳಿದರು. ಆ ವಾರ ಆ ದಾರಿಯಲ್ಲಿ ತಪಾಸಣೆಯವರು ಓಡಾಡುತ್ತಿದ್ದರು. ನನಗೆ ಅದರ ಚಿಂತೆ. "ಎಲ್ಲಿ ಬೇಕಲ್ಲಿ ನಿಲ್ಸಾಕ ಇದು ಟಾಂಗಾ ಅಲ್ರಿ. ಬೀದರ ಬರೂತನ ತಡಕೊಂಡ ಕೂಡ್ರಿ" ಎಂದೆ. ಎಲ್ಲರಿಗೂ ಕೇಳುವಂತೆ ಹೇಳಿದೆ. ಹಿಂದಿನ ಸೀಟಿನ ನಾಲ್ಕು ಮಂದಿ ನಕ್ಕರು.

ಮಾಂಜ್ರಾ ಸೇತುವೆ ಬಂತು, ಜನವಾಡ ಬಂತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೇ ಇದ್ದರು. ಬೀದರಿನ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿದರು, ಸೀರೆಯ ಹಿಂಭಾಗಕ್ಕೆ ಚೀಲ ಅಡ್ಡ ಹಿಡಿದುಕೊಂಡು. ಸೀಟು ನೋಡಿದ ಮೇಲೆ ನನಗೆ ತಿಳಿಯಿತು. ನಾನು ಟಿಕೆಟ್ ಪುಸ್ತಕ ಹಿಡಿದು ನಿಂತೇ ಇದ್ದೆ. ನನ್ನ ಡ್ರೈವರ್ ನೀರಿನ ಕ್ಯಾನು ತಂದು ಸೀಟು ತೊಳೆದ. ಟೀಚರ್ ಆಮೇಲೆ ನನ್ನ ಬಸ್ಸು ಹತ್ತಲಿಲ್ಲ. ಮುಂಚಿನ ಗಾಡಿಗೆ ಹೋಗುತ್ತಾರೆ ಎಂದು ಯಾರೋ ಹೇಳಿದರು.

ಆ ದಿನದ ನಂತರ ನಾನು ನೋಡತೊಡಗಿದೆ. ಹೆಂಗಸರು ಬಸ್ಸಿನಲ್ಲಿ ನೀರು ಕುಡಿಯುವುದಿಲ್ಲ. ಮೇ ತಿಂಗಳಲ್ಲೂ ಕುಡಿಯುವುದಿಲ್ಲ. ಮಕ್ಕಳಿಗೆ ಕುಡಿಸಿ ಬಾಟಲಿಯ ಮುಚ್ಚಳ ಹಾಕಿಬಿಡುತ್ತಾರೆ. ಅಷ್ಟು ವರ್ಷ ಅವರ ನಡುವೆಯೇ ಓಡಾಡಿದ ನನಗೆ ಇದು ಕಂಡಿರಲಿಲ್ಲ. ಬಸ್ಸು ನಿಲ್ಲುವ ಊರುಗಳಲ್ಲೆಲ್ಲ ಹೆಂಗಸರಿಗೆ ಒಂದು ಶೌಚಾಲಯ ಬೇಕು, ಸಂಸದರ ನಿಧಿಯಿಂದ ಅದನ್ನು ಕಟ್ಟಿಸಬಹುದು. ನಾನು ನಿಂತರೆ ಕೇಳುವುದು ಇಷ್ಟೇ ಎಂದು ತೀರ್ಮಾನಿಸಿದೆ.

ಆ ಡ್ರೈವರನನ್ನು ನಾನು ಉಸ್ತಾದ್ ಎಂದೇ ಕರೆಯುವುದು. ಹನ್ನೊಂದು ವರ್ಷ ಒಂದೇ ಗಾಡಿಯಲ್ಲಿ ದುಡಿದವರು ನಾವು. ಅವನೂ ನಿವೃತ್ತ. ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. ಟೀಚರ ವಿಷಯವನ್ನು ನಾವಿಬ್ಬರೂ ಅಷ್ಟು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಆಡಿದೆವು. ಅವನು ಬಹಳ ಹೊತ್ತು ಗಡ್ಡ ಕೆರೆದುಕೊಂಡ.

"ಭಾಯ್, ಗೆಲ್ಲೂದಿಲ್ಲ ಅಂತ ಗೊತ್ತದಲ್ಲ?"

"ಗೊತ್ತದ."

"ಹಾಂಗಾದ್ರ ಚಿಂತಿ ಇಲ್ಲ. ಗಾಡಿ ನಾ ನಡಸ್ತೇನಿ."

ಗಾಡಿ ಎಂದರೆ ಅವನ ಹಳೆಯ ಮೋಟರ್‌ಸೈಕಲ್ಲು.

ಪಕ್ಷೇತರನ ನಾಮಪತ್ರಕ್ಕೆ ಹತ್ತು ಜನ ಸೂಚಕರ ಸಹಿ ಬೇಕು, ಎಲ್ಲರೂ ಕ್ಷೇತ್ರದ ಮತದಾರರಾಗಿರಬೇಕು. ಸುಲಭ ಎಂದುಕೊಂಡಿದ್ದೆ, ಆಗಲಿಲ್ಲ. ಪ್ರತಿಯೊಬ್ಬರೂ ಮೊದಲು ಕೇಳಿದ್ದು ಒಂದೇ: ನಿನ್ನ ಹಿಂದೆ ಯಾರಿದ್ದಾರೆ? ಯಾರೂ ಇಲ್ಲ ಎಂದರೆ ನಗುತ್ತಿದ್ದರು. ನಗುತ್ತಲೇ ಕೆಲವರು ಸಹಿ ಹಾಕಿದರು. ಔರಾದ್ ನಿಲ್ದಾಣದ ಚಹಾದಂಗಡಿಯವನು, ಕಮಠಾಣದಲ್ಲಿರುವ ಹೆಂಡತಿಯ ತಂಗಿ ಮತ್ತು ಆಕೆಯ ಗಂಡ, ಡಿಪೋದಲ್ಲಿ ನಮ್ಮ ಜೊತೆ ಇದ್ದ ಮೂವರು, ಹೀಗೆ ಹತ್ತಾಯಿತು. ಜಿಲ್ಲಾಧಿಕಾರಿ ಕಚೇರಿಯಲ್ಲಿ ನಾಮಪತ್ರ ಕೊಟ್ಟು, ನಿಂತು ಪ್ರತಿಜ್ಞೆ ಓದಿದೆ. ಹೊರಗೆ ಬಂದಾಗ ಕ್ಯಾಮೆರಾ ಹಿಡಿದ ಒಬ್ಬ ಹುಮ್ಮಸ್ಸಿನಿಂದ ಎದ್ದ. ನಾನು ಆ ಹೆಸರಿನವನೇ, ಆದರೆ ಆ ಮನುಷ್ಯನಲ್ಲ ಎಂದು ಗೊತ್ತಾಗಿ ಮತ್ತೆ ಕೂತ.

ಹೆಂಡತಿಗೆ ಹೇಳಿದ್ದು ನಾಮಪತ್ರ ಸಲ್ಲಿಸಿದ ಮೇಲೆ. ತಪ್ಪೇ. ಆ ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಮರುದಿನ ರೊಟ್ಟಿ ಬಡಿಯುತ್ತ, "ನಿಂತೀರಿ, ಆಯ್ತು. ಆದ್ರ ಯಾರ ಮನ್ಯಾಗೂ ಖಾಲಿ ಕೈಲೆ ಬಂದವರ ಹಾಂಗ ಹಲ್ಲ ಕಿಸದು ನಿಂದರಬ್ಯಾಡ್ರಿ. ಕೆಲಸ ಹೇಳ್ರಿ, ಬರ್ರಿ" ಎಂದಳು. ಈ ಚುನಾವಣೆಯಲ್ಲಿ ನನಗೆ ಸಿಕ್ಕ ಒಳ್ಳೆಯ ಸಲಹೆಗಳಲ್ಲಿ ಅದೂ ಒಂದು.

ನನ್ನ ಅಣ್ಣ ಮನ್ನಳ್ಳಿಯಲ್ಲಿದ್ದಾನೆ. ನಮ್ಮದು ಕುರಿ ಸಾಕುವ ಮನೆತನ. ನಾನು ನೌಕರಿಗೆ ಬಂದೆ, ಅವನು ಕುರಿ ಮತ್ತು ಒಣಭೂಮಿ ನೋಡಿಕೊಂಡು ಅಲ್ಲೇ ಉಳಿದ. ನಾಮಪತ್ರ ಹಿಂದಕ್ಕೆ ಪಡೆಯಲು ಎರಡು ದಿನ ಉಳಿದಿದ್ದಾಗ ಅವನು ಇಬ್ಬರನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಗುತ್ತಿಗೆದಾರರ ಕಡೆಯವರು. ಅವರ ಭಾಷೆ ಬಿಳಿ ಅಂಗಿಯವನಷ್ಟು ನಯವಾಗಿರಲಿಲ್ಲ, ಒರಟೂ ಆಗಿರಲಿಲ್ಲ. ಸಾಹೇಬರು ನಿಮ್ಮ ಬಗ್ಗೆ ಬೇಜಾರಾಗಿದ್ದಾರೆ ಎಂದಷ್ಟೇ ಹೇಳಿದರು. ಮಾತೆಲ್ಲ ಅಣ್ಣನಿಂದಲೇ ಆಡಿಸಿದರು.

"ಲೇ ತಮ್ಮಾ, ಖರೇ ಹೇಳು. ಯಾರ ಕಡಿಂದ ರೊಕ್ಕ ತಗೊಂಡಿ?"

"ಯಾರ ಕಡಿಂದೂ ಇಲ್ಲಣ್ಣಾ."

"ಮತ್ತ ಯಾಕ ನಿಂತಿ?"

ಬಸ್ಸು, ಹೆಂಗಸರು, ಶೌಚಾಲಯ ಎಲ್ಲ ಹೇಳಿದೆ. ಟೀಚರ ಮಾತು ಮಾತ್ರ ಆಡಲಿಲ್ಲ. ನಾನು ಹೇಳುತ್ತ ಹೋದಂತೆ ಅದು ನನ್ನ ಕಿವಿಗೇ ಸುಳ್ಳಿನಂತೆ ಕೇಳತೊಡಗಿತು. ಅಣ್ಣ ಆ ಇಬ್ಬರ ಮುಖ ನೋಡಿದ, ನನ್ನ ಮುಖ ನೋಡಿದ.

"ಸಂಡಾಸಕ್ಕಂತ ಯಾರರೇ ಪಾರ್ಲಿಮೆಂಟಿಗಿ ನಿಂದರ್ತಾರೇನು? ನನಗೂ ಸುಳ್ಳ ಹೇಳ್ತಿ. ನಾ ನಿನ್ನ ಎತ್ತಿ ಆಡಿಸಿದಾವ."

ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. ಹೆಂಡತಿ ಊಟ ಮಾಡಿ ಹೋಗಿ ಎಂದರೂ ನಿಲ್ಲಲಿಲ್ಲ. ನಾನು ಹಣ ತೆಗೆದುಕೊಂಡಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ತೆಗೆದುಕೊಂಡು ಅವನಿಂದ ಮುಚ್ಚಿಟ್ಟೆ ಎಂಬುದೇ ಅವನ ನೋವು. ನಾನು ನಾಮಪತ್ರ ಹಿಂದಕ್ಕೆ ಪಡೆಯಲಿಲ್ಲ.

ಚಿಹ್ನೆ ಹಂಚುವ ದಿನ ಗುತ್ತಿಗೆದಾರರನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಅಧಿಕಾರಿಯ ಕೋಣೆಯ ಹೊರಗೆ ಹೆಸರು ಕೂಗಿದಾಗ ಇಬ್ಬರೂ ಒಟ್ಟಿಗೆ ಎದ್ದು ನಿಂತೆವು. ಸುತ್ತಲಿನವರು ನಕ್ಕರು, ಅವರೂ ನಕ್ಕುಬಿಟ್ಟರು. ಮತ್ತೆ ಕೂತಾಗ ಪಕ್ಕದ ಕುರ್ಚಿ ನನ್ನದೇ.

"ನಿಮಗ ಈ ಹೆಸರ ಯಾರ ಇಟ್ಟಾರ್ರಿ?" ಎಂದು ಕೇಳಿದರು.

"ನಮ್ಮ ಅಜ್ಜಿರಿ. ಮನಿದೇವರ ಹೆಸರು."

"ನಂದೂ ಅಜ್ಜಿನೇ ಇಟ್ಟಾಳ." ನನ್ನ ಕಡೆ ತಿರುಗಿ, "ನಿಮಗ ನನ್ನ ಮ್ಯಾಲ ಏನರೇ ಸಿಟ್ಟ ಅದೇನ್ರಿ?" ಎಂದರು.

"ಇಲ್ರಿ. ನಿಮ್ಮ ಪರಿಚಯನೇ ಇಲ್ಲ."

ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಒಳಗೆ ಅಧಿಕಾರಿ, ಒಂದೇ ಹೆಸರಿನ ಅಭ್ಯರ್ಥಿಗಳಿದ್ದರೆ ಗುರುತಿಗಾಗಿ ಹೆಸರಿನ ಮುಂದೆ ಏನಾದರೂ ಸೇರಿಸಬೇಕಾಗುತ್ತದೆ ಎಂದರು. ಗುತ್ತಿಗೆದಾರರ ವಕೀಲರು ಕೂಡಲೇ, "ಇವರಿಗೆ ಕಂಡಕ್ಟರ್ ಅಂತ ಹಾಕಿಬಿಡಿ ಸರ್" ಎಂದರು. ಅದರಿಂದ ನನ್ನ ಬೆಲೆ ಇಳಿಯುತ್ತದೆ ಎಂದು ಅವರ ಲೆಕ್ಕವಿದ್ದಿರಬೇಕು. ನಾನು ಆಗಲಿ ಎಂದೆ. ಯಂತ್ರದಲ್ಲಿ ಹದಿಮೂರನೆಯವರು ಅವರು, ಹದಿನಾಲ್ಕನೆಯವನು ನಾನು, ನನ್ನ ಹೆಸರಿನ ಪಕ್ಕದಲ್ಲಿ ಕಂಡಕ್ಟರ್ ಎಂದು. ಇಬ್ಬರ ಭಾವಚಿತ್ರವೂ ಇರುತ್ತದೆ. ಸಹಿ ಹಾಕಿ ಹೊರಬರುವಾಗ ನನಗೆ ಒಂದು ಬಗೆಯ ಸಮಾಧಾನವಿತ್ತು. ಇನ್ನು ಯಾರಾದರೂ ನನಗೆ ಒತ್ತಿದರೆ ತಿಳಿದೇ ಒತ್ತಿದಂತೆ.

ಚಿಹ್ನೆಗೆ ಮೂರು ಆಯ್ಕೆ ಬರೆದುಕೊಡಬೇಕು. ಮೊದಲು ಸೀಟಿ ಬರೆದಿದ್ದೆ. ಅದನ್ನು ಇನ್ನೂ ಇಬ್ಬರು ಕೇಳಿದ್ದರಿಂದ ಚೀಟಿ ಎತ್ತಿದರು, ನನಗೆ ಬರಲಿಲ್ಲ. ಎರಡನೆಯದು ಬಕೆಟ್ಟು, ಅದೂ ಬೇರೆಯವರಿಗೆ ಹೋಯಿತು. ಮೂರನೆಯ ಜಾಗ ತುಂಬಲೆಂದು ಪಟ್ಟಿಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಬರೆದಿದ್ದೆ. ಹೂಕೋಸು. ನಮ್ಮ ಕಡೆಯ ಮಾತಿನಲ್ಲಿ ಗೋಬಿ.

ಉಸ್ತಾದ್ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡ. ದಿನಾ ಬೆಳಿಗ್ಗೆ ತರಕಾರಿ ಮಾರ್ಕೆಟ್ಟಿಗೆ ಹೋಗಿ ಒಂದು ಒಳ್ಳೆಯ ಗೋಬಿ ಆರಿಸಿ ತರುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತು ಅದನ್ನು ಎತ್ತಿ ಹಿಡಿಯುವುದು ನನ್ನ ಕೆಲಸ. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಅದು ಬಾಡಿ ಹಳದಿಗೆ ತಿರುಗುತ್ತಿತ್ತು. ಸಂಜೆ ಹೆಂಡತಿ ಅದನ್ನೇ ಪಲ್ಯ ಮಾಡುತ್ತಿದ್ದಳು. ಹತ್ತನೆಯ ದಿನಕ್ಕೆ ಅವಳು, "ಸೋತರೂ ಅಡ್ಡಿಯಿಲ್ರಿ, ಜಲ್ದಿ ಮುಗಸ್ರಿ" ಎಂದಳು.

ಪ್ರಚಾರ ಶುರುಮಾಡುವ ಮೊದಲು ಟೀಚರ ಮನೆಗೆ ಹೋಗಬೇಕು ಎಂದಿದ್ದೆ. ಅವರೂ ನಿವೃತ್ತರಾಗಿ, ಬೀದರಿನಲ್ಲೇ ಮಿಷನ್ ಕಾಂಪೌಂಡಿನ ಹಿಂದಿನ ಓಣಿಯಲ್ಲಿದ್ದರು. ಒಂದು ವಾರ ಮುಂದೂಡಿದೆ. ಕೊನೆಗೆ ಉಸ್ತಾದನೇ ಒಂದು ಬೆಳಿಗ್ಗೆ ಕೇಳದೆ ಗಾಡಿಯನ್ನು ಆ ಓಣಿಗೆ ತಿರುಗಿಸಿದ. ಅವರು ಬಾಗಿಲು ತೆರೆದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದರು, ಕೈಯಲ್ಲಿದ್ದ ಕರಪತ್ರ ನೋಡಿದರು, ಹಿಂದೆ ಗೋಬಿ ಹಿಡಿದು ನಿಂತ ಉಸ್ತಾದನನ್ನೂ ನೋಡಿದರು. ಒಳಗೆ ಕರೆದು ಕುರ್ಚಿ ತೋರಿಸಿದರು.

"ನಿಮಗ ನೆನಪ ಅದನೋ ಇಲ್ಲೋರಿ..." ಎಂದು ಶುರುಮಾಡಿದೆ.

"ನೆನಪ ಅದ."

ನಾನು ಶೌಚಾಲಯದ ಮಾತು ಎತ್ತಿದೆ, ಅದಕ್ಕಾಗಿಯೇ ನಿಂತಿದ್ದೇನೆ ಎಂದೆ. ಅವರು ಕೈ ಎತ್ತಿ ತಡೆದರು.

"ನೀವು ಓಟ ಕೇಳ್ಲಿಕ್ಕ ಬಂದೀರೋ, ಮಾಫಿ ಕೇಳ್ಲಿಕ್ಕ ಬಂದೀರೋ? ಎರಡೂ ಕೂಡೇ ಕೇಳಬ್ಯಾಡ್ರಿ."

"ಮಾಫಿ ಕೇಳ್ಲಿಕ್ಕರಿ."

"ಹಾಂಗಾದ್ರ ಆ ಕಾಗದ ಒಳಗ ಇಟ್ಕೊಳ್ರಿ."

ಕರಪತ್ರ ಮಡಿಚಿ ಜೇಬಿಗೆ ಹಾಕಿದೆ. ತಪ್ಪಾಯಿತು ಎಂದೆ. ಅವತ್ತು ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ, ಮೇಲಾಗಿ ಜನರೆದುರು ಜೋರಾಗಿ ಮಾತಾಡಿದೆ ಎಂದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ಮುಂದ ರಿಟೈರ್ ಆಗೂತನ ಸಾಲಿ ದಿನ ನಾ ಮುಂಜಾನಿಂದ ಸಂಜಿತನ ನೀರ ಕುಡೀಲಿಲ್ಲ. ಕಿಡ್ನ್ಯಾಗ ಹರಳಾಗಿ ಎರಡ ಸಲ ದವಾಖಾನಿ ಸೇರಿದೆ. ನಿಮ್ಮೊಬ್ಬರಿಂದ ಅಂತ ಅನ್ನೂದಿಲ್ಲ. ಸಾಲ್ಯಾಗೂ ಅದೇ ಹಾಲತ್ ಇತ್ತು."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನೀರು ತಂದುಕೊಟ್ಟರು. ಕುಡಿದೆವು. ಏಳುವಾಗ ಅವರೇ ಕೇಳಿದರು:

"ಕಟ್ಟಸ್ತೇನಿ ಅಂತೀರಲ್ಲ, ಕೀಲಿ ಯಾರ ಕಡೆ ಇರ್ತದ?"

"ಯಾವ ಕೀಲಿರಿ?" ಎಂದೆ.

"ನಮ್ಮ ಸಾಲ್ಯಾಗ ಕಟ್ಟಿದ್ರು. ಟೈಲ್ಸ್ ಹಾಕಿ ಛಲೋ ಕಟ್ಟಿದ್ರು. ಕೀಲಿ ಹಾಕಿ ಇಟ್ಟಿದ್ರು, ಹೊಲಸ ಆಗ್ತದಂತ. ಕೀಲಿ ಒಬ್ಬ ಗಂಡಸಿನ ಕಿಸೇದಾಗ. ಯಾವ ಹೆಣ್ಣಮಗಳು ಹೋಗಿ ಕೇಳ್ತಾಳ್ರಿ? ಕಟ್ಟೂದು ಹಗೂರ. ಕೀಲಿ ಮಾತು ಮೊದಲ ಆಡ್ರಿ."

ಓಣಿ ದಾಟುವವರೆಗೆ ಉಸ್ತಾದ್ ಗಾಡಿ ಚಾಲೂ ಮಾಡಲಿಲ್ಲ, ತಳ್ಳಿಕೊಂಡೇ ನಡೆದ.

ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಲ್ಲಿ ನಾನು ಮೊದಲ ಸಲ ಹತ್ತಕ್ಕಿಂತ ಹೆಚ್ಚು ಜನರೆದುರು ಮಾತಾಡಿದ್ದು. ಸಂತೆಯಿಂದ ಮರಳುವವರು ನೆರಳಿಗೆ ನಿಂತಿದ್ದರು. ಕಟ್ಟೆ ಹತ್ತಿ, ಗೋಬಿ ಎತ್ತಿ ಹಿಡಿದು, ಹೇಳಬೇಕಾದ್ದನ್ನು ಹೇಳಿದೆ. ಗಂಡಸರ ನಡುವೆ ನಗು ಹರಿಯಿತು.

"ಪಾರ್ಲಿಮೆಂಟದಾಗ ಹೋಗಿ ಸಂಡಾಸದ ಮಾತ ಆಡ್ತೀರೇನ್ರಿ?" ಎಂದು ಒಬ್ಬ ಕೂಗಿದ.

"ಪಾರ್ಲಿಮೆಂಟದಾಗೂ ಸಂಡಾಸ ಇರ್ತದಲ್ರಿ. ಅಲ್ಲಿಯವರು ತಡಕೊಂಡ ಕೂಡೂದಿಲ್ಲ."

ಈ ಸಲ ನಗು ಬೇರೆ ಬಗೆಯಲ್ಲಿ ಬಂತು. ನಾನು ಕೀಲಿಯ ಮಾತಿಗೆ ಬಂದೆ. ಪ್ರತಿ ಊರಲ್ಲೂ ಅದು ಒಬ್ಬ ಹೆಂಗಸಿನ ಕೈಯಲ್ಲಿರಬೇಕು, ಆಕೆಗೆ ಸಂಬಳ ಇರಬೇಕು ಎಂದೆ. ತಲೆಯ ಮೇಲೆ ಬುಟ್ಟಿ ಹೊತ್ತು ಹೊರಡಲು ಸಿದ್ಧಳಾಗಿದ್ದ ಒಬ್ಬ ಹೆಂಗಸು ಬುಟ್ಟಿ ಇಳಿಸಿ ನಿಂತಳು. ಅವಳ ಪಕ್ಕ ಇನ್ನೊಬ್ಬಳು. ಅವರು ಚಪ್ಪಾಳೆ ತಟ್ಟಲಿಲ್ಲ, ಏನೂ ಕೇಳಲಿಲ್ಲ. ಮುಗಿಯುವವರೆಗೆ ನಿಂತರು, ಅಷ್ಟೇ. ಯಾರಾದರೂ ನನ್ನ ಮಾತನ್ನು ಹೀಗೆ ಕೇಳಿಸಿಕೊಂಡದ್ದು ನನಗೆ ಹೊಸದು. ಟಿಕೆಟ್ ಟಿಕೆಟ್ ಎಂಬುದಕ್ಕಿಂತ ಹೆಚ್ಚಿನದನ್ನು ನಾನು ಜನರಿಗೆ ಹೇಳಿದ್ದೇ ಇರಲಿಲ್ಲ.

ಅದೇ ದಿನ ಭಾಲ್ಕಿ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತಿದ್ದಾಗ ಗುತ್ತಿಗೆದಾರರ ಜೀಪು ಬಂತು. ಮೈಕಿನಲ್ಲಿ ನನ್ನ ಹೆಸರು ಹೇಳಿ, ಇವರನ್ನು ಭಾರೀ ಬಹುಮತದಿಂದ ಆರಿಸಿ ತನ್ನಿ ಎಂದರು. ನಂತರ ಅದೇ ಉಸಿರಿನಲ್ಲಿ ಮತ್ತೆ ನನ್ನ ಹೆಸರು ಹೇಳಿ, ಈ ನಕಲಿ ಮನುಷ್ಯನ ಮೋಸಕ್ಕೆ ಬಲಿಯಾಗಬೇಡಿ, ಗೋಬಿಗೆ ಒತ್ತಬೇಡಿ ಎಂದರು. ಚಹಾದಂಗಡಿಯಲ್ಲಿದ್ದವರು ನನ್ನನ್ನು ನೋಡಿದರು. ಬೆಂಚಿನ ಮೇಲೆ ಗೋಬಿ ಇತ್ತು, ಅಡಗಿಸುವಂತಿರಲಿಲ್ಲ. ನಕಲಿ ಎಂಬ ಮಾತು ಚುಚ್ಚಿತು. ಅರವತ್ತು ದಾಟುವವರೆಗೆ ಅದೊಂದೇ ಹೆಸರಿನಲ್ಲಿ ಬದುಕಿದ ಮೇಲೆ, ಅದು ನಿನ್ನದಲ್ಲ ಎಂದು ಜೀಪಿನಲ್ಲಿ ಬಂದು ಹೇಳಿಹೋದರು.

"ನಡೀರಿ ಭಾಯ್," ಎಂದ ಉಸ್ತಾದ್. "ಅವರು ಪುಕ್ಕಟ ಪ್ರಚಾರ ಮಾಡ್ಲಿಕತ್ತಾರ. ಗೋಬಿ ಅಂದ್ರ ಯಾರು ಅಂತ ಈಗ ಊರಿಗೆಲ್ಲಾ ಗೊತ್ತಾಯ್ತು."

ಔರಾದ್ ನಿಲ್ದಾಣದಲ್ಲಿ ಮಾತ್ರ ನಾನು ಭಾಷಣ ಮಾಡಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು, ಬಸ್ಸು ಬಂದು ಹೋಗುವ ನಡುವೆ ಒಬ್ಬೊಬ್ಬರ ಹತ್ತಿರ ಹೋಗಿ ಹೇಳಿದೆ. ಅಲ್ಲಿ ಯಾರೂ ನನ್ನ ಹೆಸರು ಕೇಳಲಿಲ್ಲ. ಒಬ್ಬ ಮುದುಕಿ, "ಕಂಡಕ್ಟರ್ ಅಣ್ಣಾ, ಭಾಳ ದಿನ ಕಾಣ್ಲಿಲ್ಲಲ್ಲ, ಬ್ಯಾರೆ ದಾರಿಗಿ ಹಾಕ್ಯಾರೇನು?" ಎಂದಳು. ಚುನಾವಣೆಗೆ ನಿಂತಿದ್ದೇನೆ ಎಂದೆ. "ಅಯ್ಯ, ಹೌದಾ? ಮತ್ತ ಐದ ಗಂಟಿ ಗಾಡಿ ಬಂದ್ ಮಾಡ್ಯಾರ, ಅದರದು ಒಂದ ಮಾತ ಹೇಳ್ರಿ" ಎಂದಳು. ಹೇಳುತ್ತೇನೆ ಎಂದೆ. ಆ ಮಾತನ್ನು ಡಿಪೋದಲ್ಲಿ ಹೇಳಿಯೂ ಬಂದೆ.

ಮತದಾನದ ದಿನ ನನ್ನ ಪರವಾಗಿ ಕೂರುವ ಏಜೆಂಟರು ಹೆಚ್ಚಿನ ಮತಗಟ್ಟೆಗಳಲ್ಲಿ ಇರಲಿಲ್ಲ. ನಾನೂ ಹೆಂಡತಿಯೂ ಬೆಳಿಗ್ಗೆಯೇ ಹೋಗಿ ಮತ ಹಾಕಿದೆವು. ಯಂತ್ರದಲ್ಲಿ ನನ್ನ ಮುಖ ಅಂಚೆಚೀಟಿಯಷ್ಟು ಚಿಕ್ಕದಾಗಿ, ಸ್ವಲ್ಪ ಕಪ್ಪಗೆ ಅಚ್ಚಾಗಿತ್ತು. ನನ್ನ ಹೆಸರಿನ ಎದುರಿನ ಗುಂಡಿಯನ್ನು ಒತ್ತುವಾಗ ನಾಚಿಕೆಯಾಯಿತು. ಹೊರಗೆ ಬಂದ ಹೆಂಡತಿಯನ್ನು ಯಾರಿಗೆ ಹಾಕಿದೆ ಎಂದು ಕೇಳಿದೆ. "ಅದು ಹೇಳಬಾರದಂತ ಕಾನೂನ ಅದ" ಎಂದಳು.

ಎಣಿಕೆಯ ದಿನ ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು. ಗೆದ್ದವರು ಪಕ್ಷವೊಂದರ ಅಭ್ಯರ್ಥಿ. ಗುತ್ತಿಗೆದಾರರು ಬಹಳ ಅಂತರದಿಂದ ಸೋತಿದ್ದರು, ನನ್ನ ಮತಗಳನ್ನೆಲ್ಲ ಅವರಿಗೆ ಸೇರಿಸಿದರೂ ಅವರ ಸ್ಥಾನ ಬದಲಾಗುತ್ತಿರಲಿಲ್ಲ. ನನಗೆ ಇದರಿಂದ ನಿರಾಳವಾಯಿತು ಎಂದು ಒಪ್ಪಿಕೊಳ್ಳಬೇಕು. ನನ್ನ ಠೇವಣಿ ಹೋಯಿತು. ಹೊರಗೆ ಪಟಾಕಿಯ ಹೊಗೆಯಲ್ಲಿ ಉಸ್ತಾದ್ ಕಾಯುತ್ತಿದ್ದ. "ನೋಟಾಕ್ಕಿಂತ ಮ್ಯಾಲ ಅದೇವೋ ಕೆಳಗ ಅದೇವೋ?" ಎಂದ. ಸ್ವಲ್ಪ ಕೆಳಗೆ ಎಂದೆ. ಕಿಕ್ ಹೊಡೆದು ಗಾಡಿ ಚಾಲೂ ಮಾಡಿದ.

ಕೆಲವು ವಾರಗಳ ನಂತರ ಮತಗಟ್ಟೆವಾರು ಪಟ್ಟಿ ಸಿಕ್ಕಿತು. ಉಸ್ತಾದನೂ ನಾನೂ ಜಗಲಿಯಲ್ಲಿ ಕೂತು ಬೆರಳಿಟ್ಟು ಓದಿದೆವು. ನಮ್ಮ ಬಸ್ಸು ಹೋಗದ ಊರುಗಳಲ್ಲಿ ಸೊನ್ನೆ, ಒಂದು, ಎರಡು. ಔರಾದ್ ದಾರಿಗೆ ಬಂದಾಗ ಅಂಕಿ ಏರಿತು. ನಾವು ಗಾಡಿ ನಿಲ್ಲಿಸುತ್ತಿದ್ದ ಊರುಗಳು ಒಂದಾದ ಮೇಲೊಂದು ಬರುತ್ತ ಹೋದವು. ಎಲ್ಲಿಯೂ ದೊಡ್ಡ ಸಂಖ್ಯೆಯಲ್ಲ, ಆದರೆ ಎಲ್ಲಿಯೂ ಸೊನ್ನೆಯಲ್ಲ. ಭಾತಂಬ್ರಾದಲ್ಲಿ ನಾನು ಎಣಿಸಿದ್ದಕ್ಕಿಂತ ಹೆಚ್ಚು ಬಿದ್ದಿದ್ದವು. ಉಸ್ತಾದ್ ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಮ್ಮೆ ಮೊದಲಿನಿಂದ ಓದಿ ಎಂದ. ಓದಿದೆ.

ಮನ್ನಳ್ಳಿಯ ಮತಗಟ್ಟೆಗಳಲ್ಲಿ ಒಟ್ಟು ಏಳು. ಅಣ್ಣನ ಮನೆಯಲ್ಲೇ ಐದು ಮತಗಳಿವೆ. ನಾನು ಲೆಕ್ಕ ಹಾಕಲಿಲ್ಲ.

ಆಷಾಢಕ್ಕೆ ಮುಂಚೆ ಒಮ್ಮೆ ಮನ್ನಳ್ಳಿಗೆ ಹೋದೆ. ಆ ದಿನದಿಂದ ನಾವು ಮಾತಾಡಿರಲಿಲ್ಲ. ಅಣ್ಣ ಹಟ್ಟಿಯಲ್ಲಿ ಒಂದು ಕುರಿಯ ಕಾಲು ಹಿಡಿದು ಗೊರಸಿಗೆ ಔಷಧಿ ಹಚ್ಚುತ್ತಿದ್ದ. ನನ್ನನ್ನು ನೋಡಿ, "ಹಿಡಿ ಇದನ್ನ" ಎಂದ. ಹಿಡಿದೆ. ಆ ಕುರಿಯ ಕೆಲಸ ಮುಗಿಯಿತು, ಇನ್ನೊಂದನ್ನು ಎಳೆದ. ಮೂರನೆಯದರ ಹೊತ್ತಿಗೆ ತಲೆ ಎತ್ತದೆಯೇ ಮಾತಾಡಿದ.

"ಆ ಗುತ್ತೇದಾರರ ಮಂದಿ ಮೊನ್ನಿ ಬಂದಿದ್ರು. ನಿಮ್ಮ ತಮ್ಮ ಯಾರ ಕಡಿಂದೂ ತಗೊಂಡಿದ್ದಿಲ್ಲಂತ, ನಾವು ಎಲ್ಲಾ ಕಡೆ ಕೇಳಿ ತಿಳಕೊಂಡ್ವಿ ಅಂದ್ರು."

ನಾನು ಕುರಿಯ ಕಾಲು ಹಿಡಿದುಕೊಂಡೇ 'ಹ್ಞೂ' ಎಂದೆ.

"ಅವರು ಹೇಳಿದ ಮ್ಯಾಲ ನಂಬಿದೆ. ನೀ ಹೇಳಿದಾಗ ನಂಬ್ಲಿಲ್ಲ." ಬಾಟಲಿಯ ಬಿರಡೆ ಹಾಕಿದ. "ಓಟ ನಾ ನಿನಗ ಹಾಕಿಲ್ಲ ತಮ್ಮಾ. ಅವರಿಗೂ ಹಾಕಿಲ್ಲ. ಹೋಗೇ ಇಲ್ಲ. ನಿಮಗೇ ಹಾಕ್ತೇನಿ ಅಂತ ಅವರಿಗಿ ಹ್ಞೂ ಅಂದಿದ್ದೆ. ಆದ್ರ ಅಲ್ಲಿ ನಿನ್ನ ಫೋಟೋ ಇರ್ತದಂತ ಯಾರೋ ಹೇಳಿದ್ರು. ನಿನ್ನ ಮಾರಿ ನೋಡಿಕೋಂತ ಬ್ಯಾರೇದು ಒತ್ತೂದು ನನ್ನ ಕೈಲೆ ಆಗತಿದ್ದಿಲ್ಲ. ಮುಂಜಾನೆದ್ದು ಕುರಿ ಹೊಡಕೊಂಡ ದೂರ ಹೋದೆ. ಮನ್ಯಾಗಿನವರು ಯಾರಿಗಿ ಹಾಕ್ಯಾರೋ ನಾ ಕೇಳಿಲ್ಲ."

ಒಳಗಿನಿಂದ ಅತ್ತಿಗೆ ಊಟಕ್ಕೆ ಕರೆದಳು. ಅಣ್ಣ ಇನ್ನೂ ಎರಡು ಕುರಿ ಉಳಿದಿವೆ ಎಂದ. ಅವುಗಳನ್ನೂ ಮುಗಿಸಿ, ಇಬ್ಬರೂ ಕೈ ತೊಳೆದುಕೊಂಡು ಒಳಗೆ ಹೋದೆವು.